ಕಿವಿ ಮುಚ್ಚಿಕೊಳ್ಳದ ಮಧುಮತಿ

ನರೋಣಾದ ಮಧುಮತಿಗೆ ಹೆಡ್‌ಫೋನ್ ಕಂಡರೆ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಬರೀ ಬೇಡ ಅನ್ನುವಷ್ಟಲ್ಲ, ಮೈಯೆಲ್ಲ ಉರಿಯುವಷ್ಟು. ಬಸ್ಸಿನಲ್ಲಿ ಪಕ್ಕದವರು ಕಿವಿಗೆ ವೈರು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದರೆ ಅವರು ಎದ್ದು ಹೋದರೆಂದೇ ಆಕೆಯ ಲೆಕ್ಕ. ಆಳಂದದಿಂದ ನರೋಣಾಕ್ಕೆ ಬರುವ ಬಸ್ಸಿನಲ್ಲಿ ಕೇಳಲಿಕ್ಕೆ ಏನೆಲ್ಲ ಇರುತ್ತದೆ! ಹಿಂದಿನ ಸೀಟಿನ ಅತ್ತೆ ಬಸ್ಸಿನಲ್ಲೇ ಇಲ್ಲದ ಸೊಸೆಯನ್ನು ಬೈಯುತ್ತಿರುತ್ತಾಳೆ, ಕಂಡಕ್ಟರು ಚಿಲ್ಲರೆಗಾಗಿ ಗೊಣಗುತ್ತಿರುತ್ತಾನೆ, ಬಾಗಿಲ ಬಳಿ ನಿಂತವರು ಈ ಸಲದ ತೊಗರಿ ಬಗ್ಗೆ ಹೊಡೆದಾಡುವಷ್ಟು ವಾದ ಮಾಡುತ್ತಿರುತ್ತಾರೆ. ಪುಕ್ಕಟೆ ಸಿಗುವ ಇಷ್ಟನ್ನೆಲ್ಲ ಬಿಟ್ಟು ಕಿವಿಗೆ ಬೂಚು ಜಡಿದುಕೊಂಡು ಕೂರುವವರನ್ನು ನೋಡಿದರೆ ಆಕೆಗೆ ಕನಿಕರವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಸಿಟ್ಟಿಗೆ ಮನೆಯಲ್ಲೇ ಕಾರಣವಿತ್ತು. ಗಂಡ ದೇವಾನಂದ ಗೌಂಡಿ ಕೆಲಸದವನು. ಒಳ್ಳೆಯ ಮನುಷ್ಯ, ಕುಡಿತವಿಲ್ಲ, ಕಿರಿಕಿರಿಯಿಲ್ಲ. ಆದರೆ ಗೋಡೆ ಕಟ್ಟುವಾಗಲೂ ಕಿವಿಯ ಮೇಲೆ ಹೆಡ್‌ಫೋನ್, ಸಂಜೆ ಸಿಮೆಂಟಿನ ಕೈ ತೊಳೆದು ಮನೆಯೊಳಗೆ ಕೂತಾಗಲೂ ಹೆಡ್‌ಫೋನ್. ಆತನಿಗೆ ಯಾವ ಮಾತನ್ನೂ ಒಂದೇ ಸಲಕ್ಕೆ ಹೇಳಿ ಮುಗಿಸುವ ಭಾಗ್ಯ ಮಧುಮತಿಗೆ ಸಿಕ್ಕಿದ್ದೇ ಇಲ್ಲ. ಒಮ್ಮೆ ರೇಗಿ ಪರೀಕ್ಷೆ ಮಾಡಿಯೇ ನೋಡಿದಳು.

"ಮನಿಗಿ ಬೆಂಕಿ ಹತ್ತೇದ್ರಿ," ಎಂದಳು, ಮೆಲ್ಲಗೆ.

"ಹಾಂ, ಇಟ್ಟಿರು. ಆಮ್ಯಾಲ ಉಣ್ತೇನಿ," ಎಂದ ದೇವಾನಂದ, ತಲೆ ತೂಗುತ್ತ.

ಮಧುಮತಿ ಶಾಲೆ ಕಲಿತದ್ದು ಒಂಬತ್ತನೆಯ ತರಗತಿಯ ಅರ್ಧದವರೆಗೆ. ಆ ವರ್ಷ ಅತ್ತಿಗೆ ಬಾಣಂತಿಯಾಗಿ ಮಲಗಿದಳು, ಅವ್ವನ ಕೈಗೆ ವಾಯು ಹಿಡಿದಿತ್ತು, ಮನೆ ತುಂಬ ಉಣ್ಣುವವರಿದ್ದರು, ರೊಟ್ಟಿ ಬಡಿಯುವವರಿರಲಿಲ್ಲ. ನಾಲ್ಕು ದಿನ ಬಡಿ, ಆಮೇಲೆ ಸಾಲಿಗೆ ಹೋಗುವಿಯಂತೆ ಎಂದರು. ಹುಡುಗಿ ಒಲೆಯ ಮುಂದೆ ಕೂತಳು. ಮದುವೆಯಾಯಿತು, ಮಗಳು ಹುಟ್ಟಿದಳು, ಮಗಳೇ ಶಾಲೆಗೆ ಹೋಗತೊಡಗಿದಳು, ಆದರೆ ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ. ಈಗ ಆಕೆ ಬಡಿಯುತ್ತಿದ್ದದ್ದು ಬಸ್ ನಿಲ್ದಾಣದ ಪಕ್ಕದ ಚಮನಬಿಯ ರೊಟ್ಟಿ ಕೇಂದ್ರದಲ್ಲಿ. ಅಲ್ಲಿಂದ ಕಟ್ಟುಕಟ್ಟು ಖಡಕ್ ರೊಟ್ಟಿ ಆಳಂದದ ಖಾನಾವಳಿಗಳಿಗೂ ಕಲಬುರಗಿಯ ಅಂಗಡಿಗಳಿಗೂ ಹೋಗುತ್ತಿತ್ತು.

ಕೇಂದ್ರವೆಂದರೆ ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ, ಸಾಲಾಗಿ ಒಲೆಗಳು. ಒಡತಿ ಚಮನಬಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ವಯಸ್ಸಾದ ಹೆಂಗಸು. ಸೊಸೆ ಜಸ್ಮೀನಳ ಜೊತೆ ಉರ್ದು, ಒಲೆಯ ಹೆಂಗಸರ ಜೊತೆ ಕನ್ನಡ, ರೊಟ್ಟಿ ಒಯ್ಯಲು ತಡವಾಗಿ ಬಂದ ಟಂಟಂ ಡ್ರೈವರನ ಜೊತೆ ಎರಡೂ ಭಾಷೆಯ ಬೈಗುಳ. ಮಧುಮತಿಯ ಬಲಗಡೆಯ ಒಲೆ ರುಕ್ಮಿಣಿಬಾಯಿಯದು. ಜೇವರ್ಗಿ ಕಡೆಯ ನೆಲೋಗಿ ಆಕೆಯ ತವರು. ಐವತ್ತರ ಆಸುಪಾಸು. ಆ ಕೋಣೆಯಲ್ಲಿ ಆಕೆಯಷ್ಟು ತೆಳ್ಳಗೆ ರೊಟ್ಟಿ ಬಡಿಯುವವರಿರಲಿಲ್ಲ, ಆಕೆಯಷ್ಟು ಬಾಯಿ ಮಾಡುವವರೂ ಇರಲಿಲ್ಲ.

ಹೀಗಿರುವಾಗ ಊರಿನ ಅಂಗನವಾಡಿಯ ಸಹಾಯಕಿ ಬರುವ ವರ್ಷ ನಿವೃತ್ತಿಯಾಗುತ್ತಾಳೆ ಎಂಬ ಸುದ್ದಿ ಬಂತು. ಆ ಜಾಗಕ್ಕೆ ಮೆಟ್ರಿಕ್ ಪಾಸಾಗಿರಬೇಕು, ವಯಸ್ಸು ಮೀರಿರಬಾರದು. ಮಧುಮತಿಯ ವಯಸ್ಸು ಗಡಿಯ ಹತ್ತಿರ ಹತ್ತಿರ ಬಂದು ನಿಂತಿತ್ತು. ಈ ಸಲ ಪರೀಕ್ಷೆ ಪಾಸಾದರೆ ಆಯಿತು, ಇಲ್ಲದಿದ್ದರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಬಡಿದು ಬಡಿದು ಆಕೆಯ ಭುಜ ಸೋತದ್ದು ನಿಜ. ಆದರೆ ಆಸೆ ಬರೀ ಭುಜದ್ದಾಗಿರಲಿಲ್ಲ. ಅರ್ಧಕ್ಕೆ ಬಿಟ್ಟ ಶಾಲೆಯನ್ನು ಒಮ್ಮೆ ಮುಗಿಸಿ, ಮುಗಿಯಿತು ಎಂದು ತನ್ನ ಬಾಯಿಂದಲೇ ಹೇಳಬೇಕಿತ್ತು.

ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದಳು. ಪುಸ್ತಕಗಳು ಹೋದ ವರ್ಷ ಹತ್ತನೆಯ ತರಗತಿ ಮುಗಿಸಿದ ಮಗಳವು. ಪಾಠ ಮೊಬೈಲಿನಲ್ಲಿ ಸಿಗುತ್ತಿತ್ತು. ಯಾರೋ ಒಬ್ಬ ಮಾಸ್ತರರು ಹತ್ತನೆಯ ತರಗತಿಯ ಎಲ್ಲ ಪಾಠಗಳನ್ನೂ ಒಂದೊಂದಾಗಿ ಹೇಳಿ ಹಾಕಿದ್ದರು. ಸಮಯ ಮಾತ್ರ ಎಲ್ಲಿಯೂ ಸಿಗಲಿಲ್ಲ. ಬೆಳಗಿನಿಂದ ಮಧ್ಯಾಹ್ನ ದಾಟುವವರೆಗೆ ಒಲೆ, ಆಮೇಲೆ ಮನೆ. ಒಲೆಯ ಮುಂದೆಯೇ ಪಾಠ ಕೇಳಬೇಕು, ಬೇರೆ ದಾರಿಯಿಲ್ಲ. ಇದನ್ನು ಕೇಳಿದ್ದೇ ತಡ ದೇವಾನಂದನಿಗೆ ಹುರುಪು ಬಂತು. ಕಲಬುರಗಿಗೆ ಹೋದವನು ತಲೆಯ ಮೇಲೆ ಕಮಾನಿನಂತೆ ಕೂರುವ ದೊಡ್ಡ ಹೆಡ್‌ಫೋನ್ ತಂದು ಆಕೆಯ ಕೈಗಿಟ್ಟ.

"ನಂಗ ಇದು ಒಗ್ಗಂಗಿಲ್ರಿ."

"ಹಾಕ್ಕೊಂಡ್ ನೋಡು ಮೊದಲ. ಲೋಕದ ಕಿರಿಕಿರೀನೇ ಇರಂಗಿಲ್ಲ."

"ಆ ಕಿರಿಕಿರಿ ಬೇಕ್ರಿ ನಂಗ," ಎಂದಳು ಮಧುಮತಿ. ಆದರೂ ಗಂಡ ಪ್ರೀತಿಯಿಂದ ತಂದದ್ದು, ಪರೀಕ್ಷೆ ಬೇರೆ ತಲೆಯ ಮೇಲೆ. ಹಾಕಿಕೊಂಡಳು.

ಹಾಕಿಕೊಂಡ ದಿನದಿಂದಲೇ ರೊಟ್ಟಿ ಕೆಟ್ಟವು. ರೊಟ್ಟಿ ಬಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಟ್ಟು ದಪ್ಪಗಿದ್ದಾಗ ಅಂಗೈಗೆ ಒಂದು ಸಪ್ಪಳ, ತೆಳ್ಳಗಾದಾಗ ಇನ್ನೊಂದು. ಅಂಚು ಹರಿಯುವ ಮುಂಚೆ ಸಪ್ಪಳವೇ ಸಾಕು ಎನ್ನುತ್ತದೆ. ಹಂಚಿನ ಮೇಲಿನದನ್ನು ತಿರುವುವ ಹೊತ್ತು ಗೊತ್ತಾಗುವುದೂ ಕಿವಿಗೇ, ಯಾಕೆಂದರೆ ಕಣ್ಣು ಆಗಲೇ ಮುಂದಿನ ಉಂಡೆಯ ಮೇಲಿರುತ್ತದೆ. ಮಧುಮತಿಯ ರೊಟ್ಟಿಗಳು ಅಂಚು ಹರಿದವು, ನಡುವೆ ಸೀದವು. ಕಿವಿ ಬೆವೆತು ತುರಿಸಿತು. ಪಾಠ ಕೇಳುತ್ತಿತ್ತು, ಆದರೆ ಬಾವಿಯಲ್ಲಿ ಬಿದ್ದವಳಿಗೆ ಮೇಲಿನಿಂದ ಯಾರೋ ಹೇಳಿದಂತೆ ಕೇಳುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಸುತ್ತ ಇಷ್ಟು ಜನ ಕೂತಿದ್ದೂ ತಾನೊಬ್ಬಳೇ ಅನ್ನಿಸುವುದು. ಆಕೆಗೆ ಅಳು ಬರುವಂತಾಯಿತು.

ಮೂರನೆಯ ದಿನ ವಿದ್ಯುತ್ತಿನ ಪಾಠ. ಕಿವಿಯಲ್ಲಿ ಮಾಸ್ತರರು ರೋಧವೆಂದರೇನು ಎಂದು ಹೇಳುತ್ತಿದ್ದರು. ಮಧುಮತಿ ತಲೆ ಎತ್ತಿದಾಗ ರುಕ್ಮಿಣಿಬಾಯಿ ಕೈ ಬೀಸಿ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಳು. ಅದರಲ್ಲಿ ಹೊಸದೇನಿತ್ತು? ದಿನವೂ ಇದ್ದದ್ದೇ ಎಂದುಕೊಂಡು ಮಧುಮತಿ ನಕ್ಕು ತಲೆಯಾಡಿಸಿದಳು. ಮರುಗಳಿಗೆಯಲ್ಲಿ ಬಕೀಟಿನ ತುಂಬ ನೀರು ಆಕೆಯ ನೆತ್ತಿಯಿಂದ ಹಿಡಿದು ಒಲೆಯವರೆಗೆ ಸುರಿಯಿತು. ಬಕೀಟು ಹಿಡಿದು ನಿಂತವಳು ಚಮನಬಿ. ಆ ವಯಸ್ಸಿನಲ್ಲಿ ಕುರ್ಚಿಯಿಂದ ಅಷ್ಟು ವೇಗವಾಗಿ ಹೇಗೆ ಎದ್ದಳೋ ಅವಳಿಗೇ ಗೊತ್ತಿಲ್ಲ. ಮಧುಮತಿ ಕೆಳಗೆ ನೋಡಿದಳು. ಸೀರೆಯ ಸೆರಗು ಗೇಣುದ್ದ ಸುಟ್ಟು ಕರಿಯಾಗಿತ್ತು.

"ಸೆರಗು ಬೇ, ಸೆರಗು ಅಂತ ಗಂಟಲ ಹರಕೊಂಡೆ," ಎಂದಳು ರುಕ್ಮಿಣಿಬಾಯಿ. "ನೀ ನೋಡಿದ್ರ ನಗಾಕತ್ತಿದ್ದಿ."

ಚಮನಬಿ ಏದುಸಿರು ಬಿಡುತ್ತ ಅಲ್ಲಿಯೇ ಕಾನೂನು ಮಾಡಿದಳು. "ಇವತ್ತಿಂದ ನನ್ನ ಖೋಲ್ಯಾಗ ಯಾರ ಕಿವಿ ಮ್ಯಾಲೂ ಏನೂ ಇರಬಾರ್ದು. ತಿಳೀತೇನು? ಕಿವಿಗಿ ಹತ್ತಿ ಇಟ್ಕೊಬೇಕಂದ್ರೂ ನನ್ನ ಕೇಳೇ ಇಟ್ಕೊಬೇಕು."

ಮೈಯಿಂದ ನೀರು ಇಳಿಯುತ್ತಿದ್ದರೂ ಮಧುಮತಿಗೆ ಒಳಗೊಳಗೆ ಜೀವ ತಂಪಾಯಿತು. ಆ ಗುಟ್ಟನ್ನು ಇಲ್ಲಿ ಹೇಳಿಬಿಡುವುದೇ ಒಳ್ಳೆಯದು. ಆಕೆ ನೆಂದ ಹೆಡ್‌ಫೋನನ್ನು ಗೂಟಕ್ಕೆ ತೂಗುಹಾಕಿ, ಒಡತಿಯ ಮುಂದೆ ನಿಂತಳು.

"ಖಾಲಾ, ಪಾಠ ಬಿಟ್ರ ನಾ ಪಾಸಾಗಂಗಿಲ್ರಿ. ದನಿ ಬಿಟ್ಟು ಹಚ್ಚಲ್ಯಾ?"

"ನಾವೇನ್ ಪಾಪ ಮಾಡೇವಿ?" ಎಂದು ರುಕ್ಮಿಣಿಬಾಯಿ ನಡುವೆ ಬಾಯಿ ಹಾಕಿದಳು. "ಉರಿ ಮುಂದ ಕುಂತು ಬೇಯೂದು ಸಾಲವಲ್ದಂತ, ಮ್ಯಾಲ ಮಾಸ್ತರನ ಕಾಟ ಬ್ಯಾರೆ. ಸಾಲಿ ಮಾಸ್ತರಗ ಅಂಜಿನೇ ನಾ ಸಾಲಿ ಬಿಟ್ಟಾಕಿ."

ಚಮನಬಿ ಸುಟ್ಟ ಸೆರಗನ್ನು ನೋಡಿದಳು, ಸುಡದೆ ಉಳಿದವಳನ್ನು ನೋಡಿದಳು. "ಚಾ ಬರೋತನಕ ಪಾಠ. ಚಾ ಆದ ಮ್ಯಾಲ ನಿಮ್ಮ ನಿಮ್ಮ ಸುದ್ದಿ," ಎಂದು ತೀರ್ಪು ಕೊಟ್ಟಳು.

ಹೀಗೆ ಮಾಸ್ತರರು ರೊಟ್ಟಿ ಕೇಂದ್ರಕ್ಕೆ ಬಂದರು. ಮಧುಮತಿ ಮೊಬೈಲನ್ನು ಖಾಲಿ ಸ್ಟೀಲಿನ ಡಬ್ಬಿಯೊಳಗೆ ನಿಲ್ಲಿಸಿದಳು, ದನಿ ಕೋಣೆಯ ತುಂಬ ಆಯಿತು. ಮೊದಲ ದಿನಗಳಲ್ಲಿ ಅದನ್ನು ಮುಚ್ಚಿಹಾಕಲೆಂದೇ ರುಕ್ಮಿಣಿಬಾಯಿ ಜೋರಾಗಿ ಬಡಿದಳು. ಪಾಪ, ಎಷ್ಟೆಂದು ಬಡಿದಾಳು? ರೊಟ್ಟಿಗೂ ಒಂದು ಲಯವಿದೆ. ಬಡಿತದ ನಡುವೆ ಬಿಡುವಿದ್ದೇ ಇರುತ್ತದೆ, ಆ ಬಿಡುವಿನಲ್ಲಿ ಮಾಸ್ತರರ ಒಂದೊಂದು ಮಾತು ನುಸುಳಿ ಬಂದು ಕೂರುತ್ತಿತ್ತು. ಒಂದು ದಿನ ಇತಿಹಾಸದ ಪಾಠ. ದತ್ತು ಮಕ್ಕಳಿಗೆ ರಾಜ್ಯದ ಹಕ್ಕಿಲ್ಲವೆಂದು ಬ್ರಿಟಿಷರು ಕಾಯದೆ ಮಾಡಿದ ಭಾಗ ಬಂತು. ರುಕ್ಮಿಣಿಬಾಯಿಯ ಕೈ ಹಿಟ್ಟಿನ ಮೇಲೆಯೇ ನಿಂತಿತು.

"ಅಂವ ಯಾರು ಕೇಳಾಕ?" ಎಂದಳು ಡಬ್ಬಿಯ ಕಡೆ ತಿರುಗಿ. "ನಮ್ಮ ತಂಗಿ ಮನ್ಯಾಗ ದತ್ತ ತಗೊಂಡಾರ. ಮಗ ಅಂದ್ರ ಮಗ. ಹೊಲ ಇಲ್ಲ ಅಂದ್ರ ಹೆಂಗ?"

ಮಾಸ್ತರರು ದತ್ತು ಮಗನಿಗಾಗಿ ಕತ್ತಿ ಹಿಡಿದ ರಾಣಿಯ ಸಂಗತಿಗೆ ಹೋದರು, ಅಷ್ಟರಲ್ಲಿ ಚಹಾ ಬಂತು. ಮರುದಿನ ಒಲೆ ಹೊತ್ತುವ ಮೊದಲೇ ರುಕ್ಮಿಣಿಬಾಯಿ ಕೇಳಿದಳು, "ನಿನ್ನಿ ಆ ರಾಣಿದು ಮುಂದ ಏನಾತು ಬೇ? ಹಚ್ಚು ಲಗೂನ."

ಅಲ್ಲಿಂದ ಮುಂದೆ ಯಾರೂ ತಡೆಯುವಂತಿರಲಿಲ್ಲ. ಮಾಸ್ತರರು ಹೇಳಿದ್ದನ್ನು ಮಧುಮತಿ ಬಡಿತಕ್ಕೆ ಕೂಡಿಸಿ ಹೇಳುವಳು, ಮುಂದಿನದನ್ನು ರುಕ್ಮಿಣಿಬಾಯಿ ಎತ್ತಿಕೊಳ್ಳುವಳು. ಆಮ್ಲಕ್ಕೆ ಒಂದು ಬಡಿತ, ಪ್ರತ್ಯಾಮ್ಲಕ್ಕೆ ಒಂದು, ರೊಟ್ಟಿಯನ್ನು ಒಂದು ಸುತ್ತು ತಿರುಗಿಸಿದರೆ ಲವಣ, ಮತ್ತೊಂದು ಬಡಿತಕ್ಕೆ ನೀರು. ಹೃದಯದ ನಾಲ್ಕು ಕೋಣೆಗಳು ಒಂದು ರೊಟ್ಟಿಯಲ್ಲಿ ಮುಗಿಯುತ್ತಿದ್ದವು. ಚಮನಬಿ ಕುರ್ಚಿಯಲ್ಲಿಯೇ ಕೂತು, ಯಾರಾದರೂ ತಪ್ಪಿದರೆ ಊರುಗೋಲಿನಿಂದ ನೆಲ ಕುಟ್ಟುತ್ತಿದ್ದಳು. ಚಹಾ ಬಂದ ಮೇಲೂ ಪಾಠ ನಿಲ್ಲದಂತಾಯಿತು. ಒಂದು ಬೆಳಿಗ್ಗೆ ರುಕ್ಮಿಣಿಬಾಯಿ ತಾನೂ ಪರೀಕ್ಷೆಗೆ ಕಟ್ಟುತ್ತೇನೆ ಎಂದಾಗ ಕೋಣೆಯಲ್ಲಿ ನಗೆ ಎದ್ದಿತು.

"ನಗ್ರಿ," ಎಂದಳು ಆಕೆ. "ನಂಗ ನೌಕರಿ ಬ್ಯಾಡ, ಗೀಕರಿ ಬ್ಯಾಡ. ಇಷ್ಟೆಲ್ಲ ಕೇಳೇನಿ, ಒಂದ್ ಸಲ ಯಾರರ ನನ್ನ ಕೇಳ್ಲಿ."

ಗಣಿತ ಮಾತ್ರ ಬಡಿತಕ್ಕೆ ಒಗ್ಗಲಿಲ್ಲ. ಉದುರುಹಿಟ್ಟಿನ ಮೇಲೆ ಬೆರಳಿನಿಂದ ಲೆಕ್ಕ ಬಿಡಿಸುತ್ತಿದ್ದರು, ಅಷ್ಟರಲ್ಲಿ ಹಂಚಿನ ಮೇಲಿನದು ಸೀಯುತ್ತಿತ್ತು. ಮಧುಮತಿಗೆ ಸಂಜೆ ದೇವಾನಂದ ಜೊತೆಯಾದ. ಗೋಡೆಯ ಅಳತೆ ಹಿಡಿಯುವವನು, ಕ್ಷೇತ್ರಫಲ ಘನಫಲ ಆತನ ಕೈಯೊಳಗಿನ ಮಾತು. ಕಲಿಸುವಾಗ ಹೆಡ್‌ಫೋನ್ ಕೊರಳಿಗೆ ಇಳಿಯುತ್ತಿತ್ತು, ಅದೇ ಒಂದು ಸಾಧನೆ. ರುಕ್ಮಿಣಿಬಾಯಿಯ ಮನೆಯಲ್ಲಿ ಹಾಗೆ ಕಲಿಸುವವರಿರಲಿಲ್ಲ.

ಒಂದು ಸಲ ಆಳಂದಕ್ಕೆ ಹೋಗುವ ಬಸ್ಸಿನಲ್ಲಿ ದೇವಾನಂದ ಸುಮ್ಮನೆ ಕೇಳಿದ, ಹೃದಯದ ಕೋಣೆಗಳು ಯಾವುವು ಎಂದು. ಮಧುಮತಿಗೆ ಒಂದೂ ಹೊಳೆಯಲಿಲ್ಲ. ಬಸ್ಸಿನ ಜೋಲಿಗೆ ಹೀಗಾಯಿತು ಎಂದುಕೊಂಡಳು. ಮನೆಗೆ ಬಂದು ರೊಟ್ಟಿಗೆ ಕೂತ ಕೂಡಲೇ ನಾಲ್ಕೂ ಕೋಣೆ ತಾವಾಗಿ ಬಂದವು. ಅದರ ಅರ್ಥವೇನೆಂದು ಆಕೆ ಆಗ ಯೋಚಿಸಲಿಲ್ಲ. ಯೋಚಿಸಿದ್ದರೆ ಒಂದು ಫಜೀತಿ ತಪ್ಪುತ್ತಿತ್ತು.

ಪರೀಕ್ಷೆ ಆಳಂದದಲ್ಲಿ. ಭಾಷೆಯ ಪತ್ರಿಕೆಗಳು ಸುಸೂತ್ರವಾಗಿ ಮುಗಿದವು, ಅಲ್ಲಿ ಕಥೆ ಹೆಣೆದು ಬರೆಯುವುದಿತ್ತು, ಇಬ್ಬರಿಗೂ ಮಾತಿಗೆ ಬರವಿರಲಿಲ್ಲ. ಆಮೇಲೆ ವಿಜ್ಞಾನ. ಮಧುಮತಿ ಕಿಟಕಿಯ ಪಕ್ಕ, ರುಕ್ಮಿಣಿಬಾಯಿ ಕೊನೆಯ ಬೆಂಚು, ಸುತ್ತಲೂ ಮಗಳ ವಯಸ್ಸಿನ ಹುಡುಗ ಹುಡುಗಿಯರು. ಪ್ರಶ್ನೆಪತ್ರಿಕೆ ಕೈಗೆ ಬಂತು. ಮಧುಮತಿ ಓದಿದಳು, ಮತ್ತೆ ಓದಿದಳು. ಪ್ರಶ್ನೆಗಳೆಲ್ಲ ಗುರುತಿನವೇ. ಉತ್ತರ ಮಾತ್ರ ಒಂದೂ ಬರಲೊಲ್ಲದು.

ಕೋಣೆಯಲ್ಲಿ ಪೂರ್ತಿ ನಿಶ್ಶಬ್ದ. ಯಾರೋ ತನ್ನ ಕಿವಿಯ ಮೇಲೆ ಆ ಹೆಡ್‌ಫೋನನ್ನು ಮತ್ತೆ ಕೂರಿಸಿ, ಪಾಠವನ್ನೂ ಬಂದ್ ಮಾಡಿದ್ದಾರೆ ಅನ್ನಿಸಿತು ಆಕೆಗೆ. ಅದೇ ಬಾವಿ, ಅದೇ ಒಂಟಿತನ. ಒಲೆಯ ಮುಂದೆ ಕಳೆದ ಇಡೀ ವರ್ಷ ನೀರಿಗೆ ಬಿತ್ತಲ್ಲ, ಅಂಗನವಾಡಿ ಹೋಯಿತಲ್ಲ, ಆ ನಾಲ್ಕು ದಿನ ಇನ್ನು ಸಾಯುವವರೆಗೆ ಮುಗಿಯುವುದಿಲ್ಲವಲ್ಲ ಎಂದು ಕಣ್ಣು ತುಂಬಿತು. ಪೆನ್ನು ಕೆಳಗಿಟ್ಟಳು. ಖಾಲಿಯಾದ ಕೈ ತನ್ನಷ್ಟಕ್ಕೆ ಬೆಂಚಿನ ಮೇಲೆ ಅಂಗಾತ ಬಿತ್ತು, ಬೋರಲಾಯಿತು, ಒಮ್ಮೆ ಬಡಿಯಿತು.

ಆಮ್ಲ. ಇನ್ನೊಮ್ಮೆ ಬಡಿದಳು. ಪ್ರತ್ಯಾಮ್ಲ. ಕೈ ಒಂದು ಸುತ್ತು ತಿರುಗಿತು, ಲವಣ ಬಂತು, ನೀರೂ ಬಂತು.

"ಏನಿದು?" ಎಂದರು ಮೇಲ್ವಿಚಾರಕಿ. ಅಫಜಲಪುರದ ಕಡೆಯಿಂದ ಬಂದ ಮೇಡಮ್ಮು, ಕಟ್ಟುನಿಟ್ಟಿನವರೆಂದು ಮೊದಲ ದಿನವೇ ಗೊತ್ತಾಗಿತ್ತು. "ತಬಲಾ ಬಾರಸಾಕ ಬಂದೀರೇನ್ರಿ? ಮಂದಿಗಿ ತ್ರಾಸ ಆಗ್ತದ."

ಮಧುಮತಿಯ ಕೈ ನಿಂತಿತು. ಬಂದಿದ್ದ ಉತ್ತರವೂ ನಿಂತಿತು. ಆಗ ಕೊನೆಯ ಬೆಂಚಿನಿಂದ ಟಪ್, ಟಪ್ ಎಂಬ ಸಪ್ಪಳ ಬರತೊಡಗಿತು. ತುಸು ನಿಧಾನ, ತುಸು ಭಾರ, ಮಧುಮತಿ ಆ ಕೈಯನ್ನು ಸಾವಿರ ಕೈಗಳಲ್ಲಿ ಗುರುತಿಸಬಲ್ಲಳು. ರುಕ್ಮಿಣಿಬಾಯಿಗೂ ಅದೇ ಗತಿಯಾಗಿತ್ತು. ಮೇಲ್ವಿಚಾರಕಿ ಸರಸರ ಹಿಂದಕ್ಕೆ ಹೋದರು.

"ಮೇಡಂ, ನಾವು ರೊಟ್ಟಿ ಬಡಿಯೋರಿದ್ದೇವ್ರಿ," ಎಂದಳು ರುಕ್ಮಿಣಿಬಾಯಿ ಎದ್ದು ನಿಂತು. ಬಾಯಿ ಮಾಡಿ ಗೆಲ್ಲುವ ಹೆಂಗಸು, ಅಂದು ಮಾತ್ರ ಮೆಲ್ಲಗೆ ಹೇಳಿದಳು. "ಬಡಕೋತ ಕಲ್ತೇವ್ರಿ. ಬಡದ್ರನ ನೆನಪಾಗ್ತದ. ಕಾಪಿ ಹೊಡ್ಯಾಕತ್ತಿಲ್ರಿ."

ಮೇಲ್ವಿಚಾರಕಿ ಆಕೆಯ ಅಂಗೈ ನೋಡಿದರು. ಕಿಟಕಿಯ ಪಕ್ಕದ ಕೈಯನ್ನೂ ಬಂದು ನೋಡಿದರು. ಕಾವಿಗೆ ಗಟ್ಟಿಯಾದ ಕೈಗಳು, ಸುಳ್ಳು ಹೇಳುವಂಥವಲ್ಲ. "ಬೆಂಚಿನ ಮ್ಯಾಲ ಬ್ಯಾಡ, ತೊಡಿ ಮ್ಯಾಲ ಬಡೀರಿ. ಸಪ್ಪಳ ಆಗಬಾರ್ದು," ಎಂದು ಹೇಳಿ ಹೋದರು. ಹೋಗುವಾಗ ಮುಖ ಆ ಕಡೆ ತಿರುಗಿಸಿದ್ದು ನಗು ಮುಚ್ಚಲಿಕ್ಕೇ ಎಂದು ಮಧುಮತಿ ಇಂದಿಗೂ ಹೇಳುತ್ತಾಳೆ.

ಮುಂದೆ ಗಂಟೆ ಹೊಡೆಯುವವರೆಗೆ ಆ ಕೋಣೆಯಲ್ಲಿ ಇಬ್ಬರು ಹೆಂಗಸರು ಎಡಗೈಯಿಂದ ತೊಡೆಯ ಮೇಲೆ ರೊಟ್ಟಿ ಬಡಿದರು, ಬಲಗೈಯಿಂದ ಬರೆದರು. ಹೃದಯದ ಕೋಣೆಗಳು ಬಂದವು, ರೋಧ ಬಂತು, ಪತ್ರಿಕೆಯಲ್ಲಿ ಕೇಳಿರದ ಪ್ರಶ್ನೆಯ ಉತ್ತರವೂ ಬಂತು. ಮಧುಮತಿ ಹೆಚ್ಚುವರಿ ಹಾಳೆ ಬೇಕೆಂದು ಕೈ ಎತ್ತಿದಾಗ ಪಕ್ಕದ ಹುಡುಗಿ ಗಾಬರಿಯಿಂದ ನೋಡಿದಳು.

ಫಲಿತಾಂಶ ಬಂದದ್ದು ಒಲೆ ಉರಿಯುತ್ತಿರುವ ಹೊತ್ತಿಗೆ. ಜಸ್ಮೀನ ಮೊಬೈಲ್ ನೋಡಿ ಗಟ್ಟಿಯಾಗಿ ಓದಿದಳು. ಮಧುಮತಿ ಪಾಸು, ಎಲ್ಲ ವಿಷಯಗಳಲ್ಲೂ ಪಾಸು. ಆಕೆ ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಕೆಳಗಿಡಲಿಲ್ಲ, ಹಾಗೆಯೇ ಎದೆಗೆ ಒತ್ತಿಕೊಂಡು ಕೂತಳು. ರುಕ್ಮಿಣಿಬಾಯಿಗೆ ವಿಜ್ಞಾನದಲ್ಲಿ ಮಧುಮತಿಗಿಂತ ಹೆಚ್ಚು ಅಂಕ, ಸಮಾಜ ವಿಜ್ಞಾನದಲ್ಲಿ ಇನ್ನೂ ಹೆಚ್ಚು. ಗಣಿತದಲ್ಲಿ ನಪಾಸು.

"ಹೋಗ್ಲಿ ಬಿಡು," ಎಂದಳು ರುಕ್ಮಿಣಿಬಾಯಿ, ಹಂಚಿನ ಕಡೆ ನೋಡುತ್ತ. "ನಿಂದಾತಲ್ಲ. ಇನ್ನ ಆ ಡಬ್ಬಿ ಬಂದ್ ಮಾಡು, ತಲಿ ತಣ್ಣಗಾಗ್ಲಿ."

ಮಧುಮತಿ ಎದ್ದಳು. ಕೈ ಒರೆಸಿಕೊಂಡು ಮೊಬೈಲನ್ನು ಡಬ್ಬಿಯೊಳಗೆ ನಿಲ್ಲಿಸಿ, ದನಿ ಪೂರ್ತಿ ಬಿಟ್ಟು, ಗಣಿತದ ಮೊದಲ ಪಾಠ ಹಚ್ಚಿದಳು. "ನಪಾಸಾದವ್ರಿಗಿ ಎರಡನೇ ಪರೀಕ್ಷಾ ಐತಿ ಮೌಶಿ. ಸಂಜಿ ಮನಿಗಿ ಬರ್ರಿ, ನಮ್ಮನಿಯವ್ರು ಹೇಳ್ಕೊಡ್ತಾರ," ಎಂದಳು. ರುಕ್ಮಿಣಿಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು, ಹೊಗೆ ಎಂದಳು, ಆಮೇಲೆ ಹಿಟ್ಟು ಎಳೆದುಕೊಂಡು ಬಡಿಯತೊಡಗಿದಳು.

ಮಧುಮತಿಗೆ ಅಂಗನವಾಡಿಯ ನೇಮಕದ ಆದೇಶ ಬಂದ ವಾರವೇ ಎರಡನೆಯ ಪರೀಕ್ಷೆಯ ಫಲಿತಾಂಶವೂ ಬಂತು. ಅದು ಆಕೆ ಒಲೆಯ ಮುಂದೆ ಕೂತ ಕೊನೆಯ ದಿನ. ಜಸ್ಮೀನ ಓದಿದಳು. ರುಕ್ಮಿಣಿಬಾಯಿ ಕೇಳಿಸದವಳಂತೆ ಮತ್ತೊಮ್ಮೆ ಓದಿಸಿದಳು, ಬಸ್ ನಿಲ್ದಾಣಕ್ಕೆ ಕೇಳುವಂತೆ ಇನ್ನೊಮ್ಮೆ ಓದಿಸಿದಳು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡು ಹಾಕಿದ ಕೇಕೆಗೆ, ಉಳಿದ ಹೆಂಗಸರು ಹಿಟ್ಟು ನಾದುವ ಪರಾತ ಬಡಿದ ಸದ್ದಿಗೆ, ಚಮನಬಿಯ ಊರುಗೋಲಿನ ಕುಟ್ಟುವಿಕೆಗೆ ತಗಡಿನ ಮಾಡು ಅದುರಿತು. ಪಕ್ಕದ ಓಣಿಯಲ್ಲಿ ದೇವಾನಂದ ಗೋಡೆಗೆ ಗಿಲಾವು ಮಾಡುತ್ತಿದ್ದ. ಕಿವಿಯ ಮೇಲೆ ಹೆಡ್‌ಫೋನ್ ಇದ್ದೇ ಇತ್ತು, ಹಾಡೂ ನಡೆದಿತ್ತು. ಆದರೂ ಕೇಳಿಸಿತು. ಕೆಲಸದ ನೀರಿನ ಬಕೀಟು ಎತ್ತಿಕೊಂಡು ಓಡುತ್ತ ಬಂದು ಬಾಗಿಲಲ್ಲಿ ನಿಂತ. ದಾರಿಯಲ್ಲಿ ಅರ್ಧ ನೀರು ಅವನ ಮೈಮೇಲೆಯೇ ಚೆಲ್ಲಿತ್ತು.

"ಎಲ್ಲಿ ಹತ್ತೇದ ಬೆಂಕಿ?"

ಮಧುಮತಿ ಹತ್ತಿರ ಹೋಗಿ ಬಕೀಟು ಇಸಿದುಕೊಂಡಳು. ಹೆಡ್‌ಫೋನ್ ಯಾವಾಗಲೋ ಜಾರಿ ಆತನ ಕೊರಳಿಗೆ ಬಿದ್ದಿತ್ತು. ಆಕೆ ಅದನ್ನು ಮುಟ್ಟಲಿಲ್ಲ. ಹೊರಗೆ ಬಸ್ಸಿನ ಹಾರ್ನು, ಒಳಗೆ ಪರಾತದ ಗದ್ದಲ, ಅದರ ನಡುವೆಯೇ ಸಾಧಾರಣ ದನಿಯಲ್ಲಿ ಹೇಳಿದಳು.

"ಬೆಂಕಿ ಇಲ್ರಿ. ಮೌಶಿ ಪಾಸಾದ್ರು. ನಂದೂ ಸಾಲಿ ಮುಗೀತು."

ದೇವಾನಂದ ಇನ್ನೊಮ್ಮೆ ಹೇಳು ಎನ್ನಲಿಲ್ಲ.